ಟವೆಲ್ ಹಾಕಿ ಹಿಡಿದ ಸೀಟು

ಮೊನ್ನೆ ಟ್ರಾಲಿ ಹುಡುಕಲು ಗ್ಯಾರೇಜಿನ ಬಾಗಿಲೆತ್ತಿದೆ ನೋಡಿ, ಮೂಲೆಯ ಬೇಸ್‌ಬಾಲ್ ಗ್ಲೌಸಿನ ತೊಗಲಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಅದರ ಹಿಂದೆಯೇ ಬಂತು, ರನ್‌ಕಾರ್ನ್ ಬಡಾವಣೆಯ ಶ್ರೀನಾಥನ ಹಿತ್ತಲಿನ ಆ ಮಧ್ಯಾಹ್ನ. ಅಲ್ಲಿ ಇದ್ದವರು ಶ್ರೀನಾಥ, ಅವನ ಹೆಂಡತಿ ವಸುಧಾ, ಹದಿನೇಳರ ಮಗ ತೇಜಸ್, ಅವನ ಬೇಸ್‌ಬಾಲ್ ಕೋಚು, ಮತ್ತೆ ಬಾರ್ಬಿ ಒಲೆಯಲ್ಲಿ ಸುಟ್ಟ ಜೋಳದ ಆಸೆಗೆ ಹೋದ ನಾನು.

ಕೋಚು ಬಿಡಿಸಿ ಹೇಳಿದ. ಅಮೆರಿಕದ ಕಾಲೇಜೊಂದು ಸ್ಕಾಲರ್‌ಶಿಪ್ ಕೊಟ್ಟು ಓದಿಸಿ ಆಡಿಸುತ್ತದೆ. ಆದರೆ ಅಲ್ಲಿ ಸೇರಿದರೆ ಮುಂದೆ ಡ್ರಾಫ್ಟು, ಅಂದರೆ ವೃತ್ತಿ ತಂಡಗಳು ಸರದಿಯಲ್ಲಿ ಹುಡುಗರನ್ನು ಆರಿಸಿಕೊಳ್ಳುವ ಪದ್ಧತಿ. ವರ್ಷಗಟ್ಟಲೆ ಕಾಯಬೇಕು, ಕರೆದ ತಂಡಕ್ಕೇ ಹೋಗಬೇಕು. ಈಗಲಾದರೆ ಅಮೆರಿಕದವನಲ್ಲದ ಇಲ್ಲಿಯ ಹುಡುಗ ತಾನು ಒಪ್ಪಿದ ವೃತ್ತಿ ತಂಡಕ್ಕೆ ನೇರ ಸಹಿ ಹಾಕಬಹುದು. ಆದರೆ ಹಾಕಿದನೋ, ಕಾಲೇಜಿನ ಆಟದ ಬಾಗಿಲು ಶಾಶ್ವತವಾಗಿ ಮುಚ್ಚಿತು.

ಶ್ರೀನಾಥ ನನ್ನತ್ತ ಕಣ್ಣು ಮಿಟುಕಿಸಿದ. "ಎಲ್ಲಾ ಹಾಗೇ ಹೆದರಿಸ್ತಾರೆ ಕಣೋ. ಇಂಜಿನಿಯರಿಂಗ್ ಸೀಟು ಹಿಡ್ಕೊಂಡು ಮೆಡಿಕಲ್‌ಗೆ ಕಾಯ್ತಿರ್ಲಿಲ್ವಾ ನಾವು? ಸಹಿ ಹಾಕಿರೋಣ, ಬೇಡ ಅನ್ಸಿದ್ರೆ ಕ್ಯಾನ್ಸಲ್."

"ಅವ್ನು ಕಾಲೇಜಿಗೇ ಹೋಗ್ತೀನಿ ಅಂತಿದಾನಲ್ರೀ," ಅಂದರು ವಸುಧಾ.

"ಡ್ಯಾಡ್, ಹೀ ಸೆಡ್ ಫಾರ್ ಗುಡ್."

"ಸುಮ್ನಿರೋ, ಇಂಥಾ ರೂಲ್ಸ್ ಬೇಕಾದಷ್ಟು ನೋಡಿದೀನಿ."

ನಗಬೇಡಿ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಜನ ನಾವು. ಫಾರೆಸ್ಟ್ ಲೇಕಿನ ಕೆರೆದಂಡೆಯ ಬೆಂಚಿಗೂ ಬೆಳಿಗ್ಗೆಯೇ ಜಮಖಾನ ಹಾಸಿ ಬರುತ್ತೇವೆ. ನಾನೂ ಹಾಸಿದ್ದೇನೆ, ಅದೂ ಗಾಳಿಗೆ ಹಾರಿ ಕೆರೆಗೆ ಬಿದ್ದಿದೆ! ಹಿಡಿದದ್ದನ್ನು ಬಿಟ್ಟು ಬೇರೆಡೆ ಕೂರಬಹುದೆಂಬುದು ನಮ್ಮ ಹುಟ್ಟುನಂಬಿಕೆ.

ಅಪ್ಪನ ಸಹಿ ಬಿತ್ತು, ಮಗನದೂ. ಎರಡನೇ ವರ್ಷ ತೇಜಸ್‌ನ ಮೊಣಕೈ ಕೆಟ್ಟಿತು, ತಂಡ ಕೈಬಿಟ್ಟಿತು. ಆಗ ಶ್ರೀನಾಥ ಕಾಲೇಜಿಗೆ ಬರೆದ: ನಾವೀಗ ಸೇರಲು ಸಿದ್ಧ. ವೃತ್ತಿ ತಂಡಕ್ಕೆ ಸಹಿ ಹಾಕಿದವನು ಇಲ್ಲಿ ಆಡುವಂತಿಲ್ಲ, ಆಡದವನಿಗೆ ಆ ಸ್ಕಾಲರ್‌ಶಿಪ್ಪೂ ಇಲ್ಲ ಎಂದು ಉತ್ತರ ಬಂತು.

"ಒಂದ್ಸಲ ಫೋನಲ್ಲಿ ಮಾತಾಡಿದ್ರೆ ಆಗತ್ತೆ ಬಿಡು," ಅಂದ ಶ್ರೀನಾಥ, ನನ್ನೆದುರೇ.

ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ತೇಜಸ್ ಅಂದು ಕನ್ನಡದಲ್ಲಿ ಹೇಳಿದ: "ಆಟ ನಂದಿತ್ತು, ಅಪ್ಪ."

ಮನೆ ಬಿಟ್ಟು ಅಡಿಲೇಡಿಗೆ ಹೊರಟಾಗ ಗ್ಲೌಸನ್ನು ನನ್ನ ಕೈಗಿಟ್ಟ. "ಯೂ ಕೀಪ್ ಇಟ್, ಅಂಕಲ್. ಮನೇಲಿದ್ರೆ ಡ್ಯಾಡ್ ಬಂದೋರಿಗೆಲ್ಲಾ ತೋರಿಸ್ತಾರೆ."

ಮೊನ್ನೆ ಟ್ರಾಲಿ ಕೇಳಿ ಬಂದವನು ಶ್ರೀನಾಥನೇ. ಗ್ಲೌಸ್ ಕಂಡು ಕೈ ತೂರಿಸಿದ, ತೆಗೆದ.

"ತೇಜಸ್ ಹೇಗಿದಾನೋ?" ಅಂದೆ.

"ವಸುಧಾಗೆ ಫೋನ್ ಮಾಡ್ತಿರ್ತಾನೆ."

ಗ್ಲೌಸಿಗೆ ಎಣ್ಣೆ ಹಚ್ಚೋಣವೆಂದು ಪ್ರತಿವರ್ಷ ಅಂದುಕೊಳ್ಳುತ್ತಿದ್ದವನು, ಈಗ ಅಂದುಕೊಳ್ಳುವುದನ್ನೂ ಬಿಟ್ಟಿದ್ದೇನೆ.

ಶನಿವಾರ ಶ್ರೀನಾಥನ ಸಾಮಾನೆಲ್ಲ ದೂರದ ಪರ್ತ್‌ನ ಹ್ಯಾರಿಸ್‌ಡೇಲಿಗೆ ಹೋಯಿತು. ಹಿಂದೆಯೇ ಅವನೂ ಹೋದ. ವಸುಧಾ ಮಗನಿದ್ದ ಅಡಿಲೇಡಿನ ವಿಮಾನ ಹತ್ತಿದರು.