ನಾಲ್ಕು ತೂತಿನ ಬೆನ್ನು

ಬೆಟಗೇರಿಯ ನಮ್ಮ ಮನೆಗೆ ನನ್ನನ್ನು ಮಾತಾಡಿಸಲು ಬಂದವರು ಬಾಳೆಹಣ್ಣಿನ ಚೀಲ ಕೆಳಗಿಡುವ ಮೊದಲೇ "ಎಲ್ಲೆ, ತೋರ್ಸು ನೋಡೋಣು" ಎನ್ನುತ್ತಿದ್ದರು. ನಾನು ಗೋಡೆಯ ಕಡೆ ತಿರುಗಿ ಸೆರಗು ಸರಿಸಬೇಕು. ಸೊಂಟದ ಆಚೆಗೆರಡು, ಈಚೆಗೆರಡು, ಒಟ್ಟು ನಾಲ್ಕು ಸಣ್ಣ ಗಾಯ. ನೋಡಿದವರ ಮುಖ ಸಪ್ಪಗಾಗುತ್ತಿತ್ತು.

"ಇಷ್ಟನ? ನಾವು ಏನೋ ಅನ್ಕೊಂಡಿದ್ವಿ ಬಿಡವ್ವಾ" ಎಂದರು ಯಳವತ್ತಿಯಿಂದ ಬಂದ ಸೋದರತ್ತೆ. ಪಾಪ, ಅಷ್ಟು ದೂರದಿಂದ ಬಂದವರಿಗೆ ಒಂದು ಗೇಣು ಹೊಲಿಗೆಯಾದರೂ ಕಾಣಬೇಡವೇ!

ನನ್ನ ಸೊಂಟದ ಒಂದು ಎಲುಬಿನ ಮಣಿ ಮುಂದಕ್ಕೆ ಜಾರಿ ಎಡಗಾಲಿನ ನರ ಒತ್ತಿತ್ತು. ಒಲೆಯ ಮುಂದೆ ಬಾಗಿ ಕೂತು ರೊಟ್ಟಿ ಬಡಿದು ಎದ್ದರೆ ಕಾಲು ನನ್ನದೋ ಯಾರದೋ ತಿಳಿಯುತ್ತಿರಲಿಲ್ಲ. ನಮ್ಮ ಗದಗ ಬೇರೆ ಜಿಲ್ಲೆಯಾಗಿ ಎಷ್ಟು ವರ್ಷವಾದರೇನು, ದೊಡ್ಡ ಆಸ್ಪತ್ರೆಗೆಂದರೆ ನಾವು ಹುಬ್ಬಳ್ಳಿ ಬಸ್ಸೇ ಹತ್ತಿದೆವು. ಅಲ್ಲಿನ ಡಾಕ್ಟರು ಎರಡು ದಾರಿ ಹೇಳಿದರು. ಒಂದರಲ್ಲಿ ಬೆನ್ನು ಉದ್ದಕ್ಕೆ ಸೀಳಿ, ಸ್ನಾಯು ಬಿಡಿಸಿ, ಸ್ಕ್ರೂ ಹಾಕಿ ಎರಡು ಮಣಿ ಕೂಡಿಸುವುದು. ಇನ್ನೊಂದರಲ್ಲಿ ಸಣ್ಣ ತೂತುಗಳಿಂದಲೇ ಅದೇ ಸ್ಕ್ರೂ ಹಾಕುವುದು. ರಕ್ತ ಕಡಿಮೆ ಹೋಗುತ್ತದೆ, ಮನೆಗೆ ಬೇಗ ಹೋಗಬಹುದು. "ಆದ್ರ ಒಳಗ ಎಲುಬು ಕೂಡಾಕ ಎರಡರಾಗೂ ಅಷ್ಟೇ ತಿಂಗಳು ಬೇಕ್ರಿ. ಬಾಗಬ್ಯಾಡ್ರಿ, ಭಾರ ಎತ್ತಬ್ಯಾಡ್ರಿ" ಎಂದು ಎರಡು ಸಲ ಹೇಳಿದರು. ನಮ್ಮ ಮನೆಯವರ ಕಿವಿಗೆ ಬಿದ್ದದ್ದು 'ಸಣ್ಣ ತೂತು' ಮಾತ್ರ.

ನಮ್ಮವರು ಬಾಣಂತನವನ್ನು ದಿನದ ಲೆಕ್ಕದಲ್ಲಿ ಅಳೆಯುತ್ತಾರೆ, ಆಪರೇಷನ್ನನ್ನು ಹೊಲಿಗೆಯ ಲೆಕ್ಕದಲ್ಲಿ. ಲಕ್ಷ್ಮೇಶ್ವರಕ್ಕೆ ಕೊಟ್ಟ ನನ್ನ ನಾದಿನಿಗೆ ಇದೇ ಕಾಯಿಲೆಗೆ ಹಿಂದೆ ಬೆನ್ನು ಸೀಳಿದ್ದರು. ಆಗ ನಮ್ಮತ್ತೆ ಅಲ್ಲೇ ಠಿಕಾಣಿ ಹೂಡಿ, ಮಗಳನ್ನು ಮೂರು ತಿಂಗಳು ಮಂಚದಿಂದ ಇಳಿಯಗೊಡಲಿಲ್ಲ. ನನ್ನ ಗಾಯ ನೋಡಿ ಅದೇ ಮಹಾತಾಯಿ ಓಣಿಯವರಿಗೆ ಹೇಳಿದ್ದು: "ನನ್ನ ಮಗಳಿಗೆ ಇಪ್ಪತ್ತು ಹೊಲಿಗಿ ಬಿದ್ದಿದ್ವು. ಇಕಿಗೆ ಇರಿವಿ ಕಡದಂಗ ಆಗೇತಿ, ಅದಕ್ಕ ಈ ಪರಿ ನಖರಾ!"

ನನ್ನ ಗಂಡನೋ, ತಾಯಿ ಮಾತಾಡುವಾಗ ಪೇಪರು ಓದುವ ಜಾತಿ. ಅದೂ ಹಿಂದಿನ ದಿನದ ಪೇಪರು. ನನ್ನ ಪರವಾಗಿ ಒಂದು ಮಾತು ಆಡಿದರೆ ಹಲ್ಲು ಉದುರುತ್ತಿದ್ದವೇನೋ.

ಹೀಗೆ ಆರನೇ ವಾರ ಬಂತು. ಅತ್ತೆ ಹಿರೇಹಂದಿಗೋಳಕ್ಕೆ ಲಗ್ನಕ್ಕೆ ಹೋಗಿದ್ದರು. ಮನೆಯಲ್ಲಿ ನನಗೆ 'ಎದ್ದು ಕೆಲಸ ಮಾಡು' ಎನ್ನುವವರು ಯಾರೂ ಇರಲಿಲ್ಲ. ಕನ್ನಡಿಗೆ ಬೆನ್ನು ಕೊಟ್ಟು, ಕತ್ತು ತಿರುಗಿಸಿ ನೋಡಿಕೊಂಡೆ. ಗಾಯಗಳು ಒಣಗಿ ಚರ್ಮದ ಬಣ್ಣಕ್ಕೆ ಬಂದಿದ್ದವು. ಇಷ್ಟಕ್ಕೆ ಮಲಗಿದ್ದೇನಲ್ಲ ಎಂದು ನನಗೇ ನಾಚಿಕೆಯಾಯಿತು. ಸೀದಾ ಹೋಗಿ ಒಲೆ ಹಚ್ಚಿ ಮೂವತ್ತು ರೊಟ್ಟಿ ಬಡಿದೆ. ನೋವು ಬರಲಿಲ್ಲ, ಸೊಕ್ಕು ಬಂತು. ಸಂಜೆ ಬಂದ ಅತ್ತೆ ರೊಟ್ಟಿಯ ಬುಟ್ಟಿ ನೋಡಿ, "ಈಗ ಹಾದಿಗೆ ಬಂದ್ಲು" ಎಂದರು. ಮರುದಿನದಿಂದ ಒಲೆ ಮತ್ತೆ ನನ್ನದಾಯಿತು.

ಮೂರು ತಿಂಗಳಿಗೆ ಗಂಡ, ಅತ್ತೆ, ನಾನು ತೋರಿಸಲು ಹೋದೆವು. ಅಷ್ಟರಲ್ಲಿ ಕಾಲಿನ ಜೋಮು ತಿರುಗಿ ಬಂದಿತ್ತು. ಡಾಕ್ಟರು ಎಕ್ಸ್-ರೇ ಫೋಟೊವನ್ನು ಬೆಳಕಿಗೆ ಹಿಡಿದು, ಸ್ಕ್ರೂ ಸಡಿಲಾಗಿವೆ, ಎಲುಬು ಕೂಡಿಲ್ಲ ಎಂದರು. "ಕೆಲವರಿಗೆ ಸುಮ್ಮನಿದ್ರೂ ಹಿಂಗ ಆಗ್ತೈತ್ರಿ. ನೀವೇನರ ಬಾಗಿ ಕೆಲಸ ಮಾಡಿದ್ರಿ ಏನು? ಯಾರರ ಮಾಡು ಅಂದ್ರು ಏನು?"

ಗಂಡ ನೆಲ ನೋಡಿದ. ಅತ್ತೆ ಚೀಲದಲ್ಲಿ ಏನೋ ಹುಡುಕತೊಡಗಿದರು. ಈ ಮುದುಕಿಯ ಸೊಕ್ಕನ್ನು ನಾಲ್ಕು ಜನರೆದುರು ಇಳಿಸಲು ಎಷ್ಟೋ ದಿನದಿಂದ ಕಾದಿದ್ದೆ. ಬಾಯಿ ತೆರೆದರೆ ಬಂದದ್ದೇ ಬೇರೆ: "ಯಾರೂ ಅನ್ಲಿಲ್ರಿ. ನಾನ ಒಲಿ ಮುಂದ ಕುಂತೆ."

ಡಾಕ್ಟರು ನಿಟ್ಟುಸಿರು ಬಿಟ್ಟು, ಈ ಸಲ ಉದ್ದಕ್ಕೆ ಸೀಳಿಯೇ ಎಲ್ಲ ಸರಿಮಾಡಬೇಕು ಎಂದರು. ನರಕ್ಕೆ ಪೆಟ್ಟಾಗುವ ಭಯವೂ ಇದೆ ಎಂದರು. ಆಗ ನನಗೆ ಮೊದಲು ಅನ್ನಿಸಿದ್ದು ಹೆದರಿಕೆಯಲ್ಲ. ಸದ್ಯ, ಇನ್ನು ಮಲಗಿದರೆ ಯಾರೂ ಏನೂ ಅನ್ನುವುದಿಲ್ಲ ಎಂಬ ನೆಮ್ಮದಿ. ಥೂ, ನನ್ನ ಜನ್ಮಕ್ಕಿಷ್ಟು!