ಅಕ್ಕನ ಗಾಯಕ್ಕೆ ನಾನು ಹಚ್ಚಿದ ವಿಭೂತಿ

ಅಕ್ಕನ ಗಾಯಕ್ಕೆ ವಿಭೂತಿ ಹಾಕಿದವಳು ನಾನು. ಅವಳ ಅತ್ತೆ ನೀಲವ್ವ ಅಲ್ಲ — ನಾನು. ಆ ತಪ್ಪನ್ನು ಮುದುಕಿಯ ತಲೆಗೆ ಕಟ್ಟಿ, ಇಷ್ಟು ವರ್ಷ ಹೊಟ್ಟೆ ತುಂಬ ಉಂಡು ನೆಮ್ಮದಿಯಾಗಿ ಮಲಗಿದವಳೂ ನಾನೇ.

ಬೆಳಗಾವಿಯ ಶಿವಬಸವ ನಗರದಲ್ಲಿ ನನ್ನ ಮನೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕೈ ತೊಳೆಯದೆ ಏನನ್ನೂ ಮುಟ್ಟಬೇಡಿ ಎಂದು ಮಕ್ಕಳನ್ನು ಗದರುತ್ತೇನೆ. ಎಂಥಾ ಟೀಚರು! ಅಕ್ಕನನ್ನು ಖಾನಾಪುರಕ್ಕೆ ಕೊಟ್ಟಿದ್ದರು. ಎಮ್ಮೆ ಕಟ್ಟಿದ ಮನೆ, ಅರ್ಧ ಕನ್ನಡ ಅರ್ಧ ಮರಾಠಿ ಮಾತಾಡುವ ಅತ್ತೆ. ನೀಲವ್ವನ ಸೀರೆಗೆ ಸೆಗಣಿಯ ವಾಸನೆ ಎಂದು ಮೂಗು ಮುರಿಯುವುದು ನನ್ನ ಹಳೆಯ ಚಟ.

ಅಕ್ಕನಿಗೆ ಎದೆಯ ಕ್ಯಾನ್ಸರ್ ಆಗಿ ಬೆಳಗಾವಿಯ ಆಸ್ಪತ್ರೆಯಲ್ಲಿ ಆಪರೇಶನ್ ಮಾಡಿಸಿದೆವು. ಗಾಯ ಮಾಯ್ದ ಕೂಡಲೇ ಕೀಮೋ ಶುರುವಾಗಬೇಕು, ತಡವಾದರೆ ಕಷ್ಟ ಎಂದಿದ್ದರು ಡಾಕ್ಟರು. ನೀಲವ್ವ ದಿನವೂ ಬಸ್ಸಿನಲ್ಲಿ ಬಂದು ಅಕ್ಕನ ಹಣೆಗೆ ವಿಭೂತಿ ಹಚ್ಚಿ, ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. ನಾನು ಒಳಗೊಳಗೇ ನಗುತ್ತಿದ್ದೆ — ಹಣೆಗೆ ಹಚ್ಚಿದರೆ ಎದೆಯ ರೋಗ ಹೋದೀತೆ? ನನ್ನ ಜಾಣತನ ನೋಡಿ: ಮಠದ ಸ್ವಾಮಿಗಳು ನನಗೆ ಕೊಟ್ಟಿದ್ದ ವಿಭೂತಿಯನ್ನು ನೇರ ಗಾಯಕ್ಕೇ ಹಚ್ಚಬೇಕು ಎಂದುಕೊಂಡೆ. ಅದು ಮಠದ್ದು, ಶುದ್ಧ, ಅದರಲ್ಲೆಲ್ಲಿಯ ಸೂಕ್ಷ್ಮಜೀವಿ... ಒಂದು ಮಧ್ಯಾಹ್ನ ಅಕ್ಕ ನಿದ್ದೆಯಲ್ಲಿದ್ದಾಗ ಪಟ್ಟಿಯ ಅಂಚು ಬಿಡಿಸಿ, ಹೊಲಿಗೆಯ ಮೇಲೆ ಉದುರಿಸಿ, ಮತ್ತೆ ಅಂಟಿಸಿದೆ. ಕೈ ತೊಳೆದಿದ್ದೆನೇ? ನೆನಪಿಲ್ಲ — ಇಲ್ಲ, ಸುಳ್ಳೇಕೆ, ತೊಳೆದಿರಲಿಲ್ಲ.

ಗಾಯ ಕೀವಾಯಿತು. ಜ್ವರ ಏರಿತು. ಪಟ್ಟಿ ಬಿಚ್ಚಿದ ಡಾಕ್ಟರು ಬೂದಿ ಕಂಡು ಸಿಡಿದರು. "ಯಾರು ಹಾಕ್ಯಾರ ಇದನ್ನ?"

ಭಾವ ಇದ್ದ, ನೀಲವ್ವ ಇದ್ದರು. ನಾನು ಹೇಳಿದ್ದು ಇಷ್ಟೇ: "ಅತ್ತಿಯವರು ದಿನಾ ವಿಭೂತಿ ಹಚ್ಚತಾರ್ರೀ ಡಾಕ್ಟರ್. ಹಳ್ಳ್ಯಾಗಿನವ್ರು, ತಿಳಿಯಂಗಿಲ್ಲ."

ಹುಡುಕಿದರೂ ಅದರಲ್ಲಿ ಒಂದು ಸುಳ್ಳು ಪದವೂ ಸಿಗುವುದಿಲ್ಲ. ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಗೂ ಇಷ್ಟು ನಾಜೂಕು ಇದ್ದಿರಲಿಕ್ಕಿಲ್ಲ.

ನೀಲವ್ವ ತಮ್ಮ ಬೆರಳುಗಳನ್ನೇ ನೋಡಿಕೊಂಡರು. "ಹಣಿಗೆ ಹಚ್ಚೂವಾಗ ಉದುರಿತ್ತೇನೋ ಯವ್ವಾ... ನನಗ ತಿಳೀಲಿಲ್ಲ" ಎಂದರು. ನಂಬಿಯೇಬಿಟ್ಟರು! ಭಾವ ಎಲ್ಲರೆದುರು ತಾಯಿಯನ್ನು ಬೈದು ವಾರ್ಡಿನಿಂದ ಆಚೆ ಕಳಿಸಿದ. ಗಾಯವನ್ನು ಮತ್ತೆ ತೆರೆದು ತೊಳೆದರು. ಕೀಮೋ ಮುಂದಕ್ಕೆ ಹೋಯಿತು. ಅಕ್ಕ ಬದುಕಿದಳು, ನನ್ನ ಪುಣ್ಯದಿಂದಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಏನೂ ಹಚ್ಚದಿದ್ದರೂ ಕೀವಾಗುವುದುಂಟು ಎಂದು ಡಾಕ್ಟರೇ ಆಮೇಲೆ ಹೇಳಿದ್ದರು, ಅಕ್ಕನಿಗೆ ಸಕ್ಕರೆಯಿತ್ತು. ಆ ಮಾತನ್ನು ಎಷ್ಟು ಸಲ ಚಪ್ಪರಿಸಿದ್ದೇನೋ — ಥೂ! ಇರಬಹುದು. ಆದರೆ ನೀಲವ್ವನನ್ನು ತೋರಿಸಿಕೊಟ್ಟ ಬಾಯಿಗೆ ಯಾವ ಸಕ್ಕರೆ ಕಾಯಿಲೆ ಇತ್ತು?

ಹೋದ ತಿಂಗಳು ಖಾನಾಪುರದಲ್ಲಿ ಅಕ್ಕನ ಮಗಳ ಕೂಸನ್ನು ತೊಟ್ಟಿಲಿಗೆ ಹಾಕಿದರು. ಎಲ್ಲರೂ ಎತ್ತಿ ಮುದ್ದಾಡಿದರು. ಮುತ್ತಜ್ಜಿಯ ಕೈಗೆ ಕೊಡಲು ಹೋದರೆ, ನೀಲವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಹಿಂದೆ ಸರಿದರು. ನನ್ನ ಕಡೆ ನೋಡಿ, "ನನ್ನ ಕೈ ಚಲೋ ಅಲ್ಲವ್ವಾ. ನೀ ತಗೋ, ಸಾಲಿ ಕಲಿಸಾಕಿ, ಸ್ವಚ್ಛ ಇರತೀ" ಎಂದರು.

ನಾನು ತೆಗೆದುಕೊಂಡೆ. ನಾಚಿಕೆಗೆಟ್ಟವಳು, ತೆಗೆದುಕೊಂಡು ನಕ್ಕೆ ಕೂಡ.

ನಾಳೆ ಖಾನಾಪುರಕ್ಕೆ ಹೋಗುತ್ತೇನೆ. ಕ್ಷಮೆ ಕೇಳುವುದಿಲ್ಲ; ಕೇಳಿದರೆ ಆ ಮುದುಕಿ ಕೊಟ್ಟೇಬಿಡುತ್ತಾರೆ, ಅಷ್ಟು ಅಗ್ಗಕ್ಕೆ ನನಗದು ಬೇಡ. ಅಕ್ಕ, ಭಾವ ಇಬ್ಬರನ್ನೂ ಕೂಡಿಸಿ ನೀಲವ್ವನ ಮುಂದೆಯೇ ನಿಜ ಹೇಳಬೇಕು. ಆಮೇಲೆ ಅಕ್ಕ ನನ್ನ ಮುಖ ನೋಡುತ್ತಾಳೋ ಇಲ್ಲವೋ, ಅದು ಅವಳಿಗೆ ಬಿಟ್ಟದ್ದು. ಕೂಸನ್ನು ಮಾತ್ರ ಯಾರಾದರೂ ತಂದು ನೀಲವ್ವನ ಕೈಗೆ ಕೊಡಲಿ — ನಾನಲ್ಲ.