ಫೋನಿಲ್ಲದೆ ಹೊಡೆದ ಎರಡು ಪಟಾಕಿ

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಕಾಫಿ ತೋಟಕ್ಕೆ ಆನೆ ನುಗ್ಗಿತು. ಪಕ್ಕದ ತೋಟದ ಪೂವಯ್ಯಣ್ಣನಿಗೆ ತಿಳಿಸೋಣವೆಂದರೆ ನಿನ್ನೆಯಿಂದ ಕರೆಂಟಿರಲಿಲ್ಲ, ಹಾಗಾಗಿ ಮೊಬೈಲ್ ಟವರೂ ಇರಲಿಲ್ಲ. ಮನೆಯ ಫೋನು ಈಗ ಕರೆಂಟಿದ್ದರೆ ಮಾತ್ರ ನಡೆಯುವ ಇಂಟರ್ನೆಟ್ ಡಬ್ಬಿಗೆ ಜೋತುಬಿದ್ದಿದೆ. ಕರೆಂಟ್ ಹೋದರೂ ಟ್ರಿಣ್ ಅನ್ನುತ್ತಿದ್ದ ಹಳೆಯ ಲ್ಯಾಂಡ್‌ಲೈನ್ ಕೇಳಿದ್ದಕ್ಕೆ, "ಅದೆಲ್ಲ ಈಗ ಕೊಡೋದಿಲ್ಲ ಸಾರ್" ಎಂದು ಫೋನ್ ಆಫೀಸಿನವರು ಹೋದ ತಿಂಗಳೇ ಕೈಯಲ್ಲಾಡಿಸಿದ್ದರು.

ಪೂವಯ್ಯಣ್ಣ ಎಚ್ಚೆತ್ತು ಮನೆಯೊಳಗೇ ಇರಲಿ ಎಂದು ಆನೆ ಓಡಿಸುವ ಪಟಾಕಿ ಎರಡು ಹೊಡೆದೆ. ಆದರೆ ನಮ್ಮ ಕಡೆ ಒಂದರ ಹಿಂದೊಂದು ಎರಡು ಗುಂಡಿನ ಸದ್ದು ಕೇಳಿದರೆ ಆ ಮನೆಯಲ್ಲಿ ಸಾವಾಗಿದೆ ಎಂದರ್ಥ. ಅದು ನನಗೆ ನೆನಪಾಗಿದ್ದು, ಪೂವಯ್ಯಣ್ಣ ಬಿಳಿ ಬಟ್ಟೆ ಹಾಕಿಕೊಂಡು, ಮನೆಮಂದಿಯನ್ನೆಲ್ಲ ಕಟ್ಟಿಕೊಂಡು, ಆನೆ ಇದ್ದ ತೋಟದ ನಡುವೆಯೇ ನಡೆದು ಬಂದಾಗ!

"ಅಜ್ಜಿ ತೀರಿಕೊಂಡಿದ್ದು ಯಾವಾಗ?" ಎಂದರು ಮೆಲ್ಲಗೆ.

ಜಗಲಿಯಲ್ಲಿ ಕೂತಿದ್ದ ಅಜ್ಜಿಯೇ ಉತ್ತರ ಕೊಟ್ಟರು: "ನಂದಿನ್ನೂ ಕಾಫಿ ಕುಡಿದೇ ಆಗಿಲ್ಲ ಪೂವಯ್ಯ."

ಆನೆ ಇನ್ನೂ ತೋಟದಲ್ಲೇ ಇದೆ. ಈಗಷ್ಟೇ ಕರೆಂಟು ಬಂತು, ಟವರೂ ಬಂತು. ಪೂವಯ್ಯಣ್ಣನಿಗೆ ಫೋನ್ ಮಾಡಿ, ಮನೆಯಿಂದ ಹೊರಗೆ ಬರಬೇಡಿ ಎಂದು ಆರಾಮಾಗಿ ಹೇಳಬಹುದು. ಅವರು ನನ್ನ ಪಕ್ಕದಲ್ಲೇ ಕೂತು ಅಕ್ಕಿತರಿಯ ಉಂಡೆ ಕಡಂಬುಟ್ಟು ತಿನ್ನುತ್ತಿದ್ದಾರೆ.